ಚಿಲ್ಲರೆ

ಅಂಚೆಯವಳು ಸಹಿ ಹಾಕಿಸಿಕೊಂಡು ಕೊಟ್ಟು ಹೋದಳು.
ನೀಲಿ ಮಖಮಲ್ಲಿನ ಗೂಡಿನಲ್ಲಿ ಬೆಳ್ಳಿಯ ಬಿಲ್ಲೆ,
ಬೆರಳು ತಾಗದಂತೆ ಮೇಲೊಂದು ಪಾರದರ್ಶಕ ಮುಚ್ಚಳ.
ಒಂದು ಮುಖಕ್ಕೆ ರಾಣಿ. ಇನ್ನೊಂದಕ್ಕೆ
ನಮ್ಮ ಸ್ಕ್ವಾಡ್ರನ್ನಿನ ಬಾಂಬರು, ನಾಲ್ಕು ಎಂಜಿನ್ನು,
ಕೆಳಗೆ ಲಿಂಕನ್‌ಶೈರಿನ ಗೋಧಿತೆನೆ.
ಗೋಧಿಯಲ್ಲ. ರನ್‌ವೇ ಆಚೆ ಬೆಳೆಯುತ್ತಿದ್ದದ್ದು ಸಕ್ಕರೆ ಬೀಟು.
ಇರಲಿ, ಬೀಟನ್ನು ಯಾರು ಟಂಕಿಸುತ್ತಾರೆ.

ನಾನು ಬಸ್ಸು ಓಡಿಸುತ್ತಿದ್ದೆ.
ಹತ್ತೊಂಬತ್ತು ವರ್ಷ, ಕ್ಲಚ್ಚಿಗೆ ಕಾಲೆಟುಕದೆ
ಬೆನ್ನ ಹಿಂದೊಂದು ದಿಂಬು.
ಮುಸ್ಸಂಜೆಗೆ ಏಳೇಳು ಜನರನ್ನು
ಅವರವರ ವಿಮಾನದ ಹೊಟ್ಟೆಯಡಿ ಇಳಿಸುವುದು,
ಬೆಳಗಿನ ಜಾವ ಅರೆಗಣ್ಣಿನ ಹೆಡ್‌ಲೈಟಿನಲ್ಲಿ
ಹೋಗಿ ಕಾಯುವುದು.

ಜೇಬು ಬರಿದು ಮಾಡಿ ಹತ್ತಬೇಕೆಂದು ನಿಯಮ.
ಸಿನೆಮಾದ ಹರಿದ ಟಿಕೆಟ್ಟೂ
ಶತ್ರುವಿನ ಕೈಗೆ ಸಿಕ್ಕರೆ ಊರ ಹೆಸರು ಉಸುರುತ್ತದಂತೆ.
ಕಾಗದಪತ್ರ ಆಫೀಸಿನ ಚೀಲಕ್ಕೆ,
ಮರೆತುಳಿದ ಚಿಲ್ಲರೆ, ಬಸ್ಸಿಳಿಯುವಾಗ, ನನ್ನ ಕೈಗೆ:
'ಇಟ್ಟಿರು ಡಾಟ್, ಬೆಳಿಗ್ಗೆ ಇಸಕೊಳ್ತೀನಿ.'
ಬಾಲದ ಬಂದೂಕಿನ ಎಮ್ರಿಸ್ ಮಾತ್ರ
ಎಣಿಸಿ ಕೊಡುತ್ತಿದ್ದ, ಎಣಿಸಿ ಇಸಕೊಳ್ಳುತ್ತಿದ್ದ.
ವೇಲ್ಸಿನ ಗಣಿಯವನ ಮಗ, ಅರ್ಧ ಪೆನ್ನಿಯ ತೂಕ ಬಲ್ಲವ.
ಹದಿಮೂರು ಸಲ.

ಹದಿನಾಲ್ಕನೆಯ ಬೆಳಿಗ್ಗೆ
ಎಂಜಿನ್ನು ಆರಿಸದೆ ಕಾದೆ,
ಪೆಟ್ರೋಲು ದಂಡವೆಂದು ಸಾರ್ಜೆಂಟು ಬೈಯುವವರೆಗೆ.
ಆಮೇಲೆ ಆರಿಸಿ ಕಾದೆ.

ಬಿಸ್ಕತ್ತಿನ ಡಬ್ಬಿ ಇನ್ನೂ ಇದೆ.
ಹನ್ನೊಂದು ಷಿಲಿಂಗು, ಏಳೂವರೆ ಪೆನ್ನಿ.
ದುಡ್ಡಿನ ಲೆಕ್ಕವನ್ನೇ ಸರ್ಕಾರ ಬದಲಿಸಿದ ವರ್ಷ
ಬ್ಯಾಂಕಿನ ಹುಡುಗ ಹೇಳಿದ್ದ:
'ಈಗಲೇ ಬದಲಾಯಿಸಿಕೊಳ್ಳಿ, ಮುಂದೆ ನಡೆಯೋದಿಲ್ಲ.'
ನನ್ನದಲ್ಲ, ಅಂದೆ. ಹಾಗಾದರೆ ಯಾರದ್ದು ಅಂದ.
ಹಿಂದೆ ಸಾಲು ಬೆಳೆದಿತ್ತು, ಬಂದುಬಿಟ್ಟೆ.

ಇವತ್ತು ಭೂತಗನ್ನಡಿ ಹಿಡಿದು
ಬಿಲ್ಲೆಯ ಜೊತೆ ಬಂದ ಕಾಗದ ಓದಿದೆ.
ಸ್ಮಾರಕ ನಾಣ್ಯ. ಚಲಾವಣೆಗಲ್ಲ.
ನಗು ಬಂತು. ಹಾಗಾದರೆ ನೀನೂ ಇವುಗಳ ಪೈಕಿಯೇ.
ಅಪ್ಪ ಡಬ್ಬಿಯಲ್ಲಿ ಮೂಗು ಸವೆದು ಕೂತಿದ್ದಾನೆ,
ಮಗಳಿಗೇಕೆ ಮಖಮಲ್ಲು?

ಮುಚ್ಚಳ ಕಿತ್ತೆ. ಹೆಬ್ಬೆಟ್ಟಿನ ಗುರುತು ಬಿತ್ತು,
ಮೊದಲನೆಯದು. ಡಬ್ಬಿಗೆ ಹಾಕಿ ಅಲುಗಿಸಿದೆ.
ಎಷ್ಟು ಅಲುಗಿಸಿದರೂ
ಸದ್ದಿನಲ್ಲಿ ಅದೊಂದೇ ಬೇರೆ.

ಎಮ್ರಿಸ್ ಎಣಿಸಿದರೆ
ಎತ್ತಿ ಪಕ್ಕಕ್ಕಿಟ್ಟಾನು:
'ಡಾಟ್, ಒಂದು ಹೆಚ್ಚು ಬಂದಿದೆ.
ಇದು ನನ್ನದಲ್ಲ.'