ಲೋಪಸಂಧಿ

ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ,
ಟೈಪ್‌ರೈಟರನ್ನು ಕಂಬಳಿಯಲ್ಲಿ ಸುತ್ತಿ
ನನ್ನ ಜಾರುಬಂಡಿಯ ಮೇಲೆ ಕೂರಿಸಿ
ಅಮ್ಮ ಠಾಣೆಗೆ ಎಳೆದುಕೊಂಡು ಹೋಗುತ್ತಿದ್ದಳು,
ಜ್ವರ ಬಂದ ಕೂಸನ್ನು ಒಯ್ಯುವ ಹಾಗೆ.
ಪ್ರುತ್ ನದಿಯ ಬದಿಯ ನಮ್ಮೂರಲ್ಲಿ ಆಗ
ಯಂತ್ರ ಇಟ್ಟುಕೊಂಡವರೆಲ್ಲ ಬಂದು
ಬೆರಳಚ್ಚು ಕೊಡಬೇಕಿತ್ತು,
ಆ ಮಾತಿನ ಎರಡೂ ಅರ್ಥದಲ್ಲಿ.

ಮೊದಲಿಂದ ಕೊನೆತನಕ ಎಲ್ಲ ಅಕ್ಷರ,
ಸೊನ್ನೆಯಿಂದ ಒಂಬತ್ತು,
ಆಮೇಲೆ ಸಾರ್ಜೆಂಟ್ ಪ್ಲೆಷ್ಕಾ ಹೇಳಿ ಬರೆಸುವ ಒಂದು ಪ್ಯಾರಾ,
ಬೀಟ್‌ರೂಟ್ ಬೆಳೆಯ ಬಗ್ಗೆ.
ನಮ್ಮ ಎರಿಕಾದ ಒಂದು ಕೀಲಿ ಸೊಟ್ಟ.
ರ ಒತ್ತಿದರೆ ಅದು ಸಾಲು ಬಿಟ್ಟು
ಅಕ್ಕಿಕಾಳಿನಷ್ಟು ಮೇಲೆ ಬೀಳುತ್ತಿತ್ತು,
ಶಾಲೆಯ ಫೋಟೋದಲ್ಲಿ ಹಿಂದಿನ ಸಾಲಿನ ಹುಡುಗ
ತುದಿಗಾಲಲ್ಲಿ ನಿಂತ ಹಾಗೆ.
ಪ್ಲೆಷ್ಕಾ ಅದಕ್ಕೆ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ
ಅಮ್ಮನ ಕಡೆ ನೋಡಿ ನಕ್ಕ,
ಮೈಮೇಲಿನ ಮಚ್ಚೆ ಕಂಡವನ ಹಾಗೆ.

ಜಿಲ್ಲಾ ಪತ್ರಿಕೆಯಲ್ಲಿ ಅವಳಿಗೆ ಹಾಲಿನ ಅಂಕಿಯ ಕೆಲಸ.
ಹೋದ ವರ್ಷಕ್ಕಿಂತ ಹೆಚ್ಚೇ ಬರೆಯಬೇಕು,
ಹಸು ಸತ್ತಿದ್ದರೂ.

ಜನವರಿಯ ಒಂದು ಸಂಜೆ ದಾದಿ ಅಗ್ಲಾಯಾ ಬಂದಳು.
ಅಡುಗೆಮನೆಯ ನಲ್ಲಿ ಜೋರಾಗಿ ಬಿಟ್ಟು
ನೀರಿನ ಸದ್ದಿನೊಳಗೆ ಏನೋ ಹೇಳಿದಳು.
ಅವಳು ಹೋದಮೇಲೂ ಅಮ್ಮ ನಲ್ಲಿ ನಿಲ್ಲಿಸಲಿಲ್ಲ.

ಮಾರನೆಯ ದಿನದಿಂದ ನಾನು ಸಾಂದಾ ಆದೆ.
ನನ್ನ ಹೆಸರು ಸ್ಮರಾಂದಾ.
ಏನು ತಪ್ಪು ಮಾಡಿದೆನೆಂದು ಎಣಿಸಿದೆ:
ಒಡೆದ ಲೋಟ, ಕದ್ದು ತಿಂದ ಸಕ್ಕರೆ.
ಸಕ್ಕರೆಯನ್ನೂ ಅವಳು ಹೆಸರು ಹಿಡಿದು ಕರೆಯಲಿಲ್ಲ,
'ಆ ಬಿಳಿಯದು ಕೊಡು' ಎಂದಳು.

ನಮ್ಮ ಭಾಷೆಯಲ್ಲಿ ಚಳಿಗೆ ಫ್ರಿಗ್,
ಕತ್ತಲೆಗೆ ಇಂತುನೆರಿಕ್, ಸತ್ತವನಿಗೆ ಮೋರ್ತ್.
ಅವಳೇ ವೆತುರಿಯಾ.
ಮೀನಿನೊಳಗೆ ಮುಳ್ಳಿದ್ದ ಹಾಗೆ ಎಲ್ಲದರೊಳಗೂ ಅದು.
ಎರಡು ರಾತ್ರಿ ಕಂಬಳಿಯೊಳಗೆ ಕೂತು
ಒಂದೊಂದೇ ಮುಳ್ಳು ಬಿಡಿಸಿದಳು:

ಏಳು ಹಾಸಿಗೆ. ಬಲ್ಬು ಒಂದೂ ಇಲ್ಲ.
ದಾದಿಗಳು ಒಳಗೂ ಕೋಟು ಬಿಚ್ಚಿಲ್ಲ.
ಗಾಜಿನ ಪೆಟ್ಟಿಗೆಗಳು ಮುಟ್ಟಿದಾಗ ತಣ್ಣಗೆ.
ಎಂಟಕ್ಕೆ ಹೋದ ದೀಪ ಬಂದದ್ದು ಐದಕ್ಕೆ.
ಐದು ಕೂಸುಗಳು ಹಾಲು ಕೇಳಿದವು.
ಉಳಿದವು ಕೇಳಲಿಲ್ಲ.

ಸಹಿ ಇಲ್ಲ. ಹಾಕಲು ಬರುವಂತಿರಲಿಲ್ಲ.
ಹಾಳೆ ಹೇಗೋ ಗಡಿ ದಾಟಿತು.
ಹೊರದೇಶದ ರೇಡಿಯೋದಲ್ಲಿ ಯಾರೋ ಓದಿದರಂತೆ,
ಗೊರಗೊರ ಸದ್ದಿನ ನಡುವೆ.

ಮೂವತ್ತು ವರ್ಷದ ಮೇಲೆ, ಬುಕಾರೆಸ್ಟಿನ ಓದುವ ಕೋಣೆಯಲ್ಲಿ
ಕಡತ ಬಿಚ್ಚಿದ್ದೇನೆ. ಫೋನು ಹೊರಗೆ, ಲಾಕರಿನಲ್ಲಿ.
ನಾನೂ ಪತ್ರಿಕೆಯವಳೇ; ಈಚೆಗೆ ಅದು
ಯಾರ ಫೋನು ಎಂಬ ಬಗ್ಗೆ ನನಗೆ ಖಾತ್ರಿಯಿಲ್ಲ.
ನಲ್ಲಿ ಎಷ್ಟು ನಿಮಿಷ ಹರಿಯಿತೆಂದು ಬರೆದಿದ್ದಾರೆ.
ನನ್ನ ಕೆಮ್ಮಿದೆ, ತಾರೀಖಿನ ಸಮೇತ.
ತಜ್ಞನ ವರದಿ:
'ಮಾದರಿಯೊಂದಿಗೆ ತಾಳೆಯಾಗುವ ದೋಷ ಯಾವುದೂ ಇಲ್ಲ.'
ಅದರ ಕೆಳಗೆ ಕೆಂಪು ಪೆನ್ಸಿಲು:
'ಇಡೀ ಪುಟದಲ್ಲಿ ಒಂದೂ ರ ಇಲ್ಲ.
ರ ಕಂಡರೆ ಹೆದರುವವರು ಯಾರು?'

ಮಾರ್ಚಿನಲ್ಲಿ ಬಂದು ಯಂತ್ರ ಒಯ್ದರು, ಕಂಬಳಿ ಬಿಟ್ಟು.
ಅಮ್ಮನನ್ನು ಇಟ್ಟಿಗೆ ಕಾರ್ಖಾನೆಗೆ ಹಾಕಿದರು, ಎಣಿಸುವ ಕೆಲಸಕ್ಕೆ.
ನಿಜವಾದ ಅಂಕಿ ಬರೆದದ್ದು ಅಲ್ಲೇ ಮೊದಲು, ಎನ್ನುತ್ತಿದ್ದಳು.
ಒಂದು ಸಂಜೆ ಗೇಟಿನ ಹತ್ತಿರ ನಿಂತು
ಸ್ಮರಾಂದಾ, ಎಂದು ಕೂಗಿದಳು,
ಬಾಯಿ ತುಂಬ, ಆ ಅಕ್ಷರ ಉರುಳಿಸಿ ಉರುಳಿಸಿ.
ನನಗೆ ಸಾಂದಾ ಒಗ್ಗಿಹೋಗಿತ್ತು.
ಬೇರೆ ಯಾರನ್ನೋ ಎಂದುಕೊಂಡು
ತಿರುಗಿ ನೋಡಲಿಲ್ಲ.

ಯಾವ ಪುಟಗಳ ನಕಲು ಬೇಕು, ಎಂದು ಗುಮಾಸ್ತೆ ಕೇಳಿದಳು,
ಮುಚ್ಚುವ ಹೊತ್ತಾಗಿತ್ತು.
ನಾನೂರ ಹನ್ನೆರಡು ಪುಟ.
ಬೀಟ್‌ರೂಟಿನದು ಒಂದು ಸಾಕು, ಎಂದೆ.