ಹಾಫ್ ಕ್ಲಚ್

ಕೊಟ್ರೇಶಿ ಮೊಬೈಲು ಹಿಡಿದು ತೋರಿಸಿದ.
ಬಾನೆಟ್ಟಿನೊಳಗೆ ತಲೆಯಿಟ್ಟಿದ್ದ ದಸ್ತಗೀರನೂ ಎದ್ದು ಬಂದ.
ಬಿಳಿ ಕಾರು, ಮೂಲೆಗೊಂದರಂತೆ ನಾಕು ಫ್ಯಾನು,
ಯಾವುದೋ ದೇಶದ ಹುಲ್ಲಿನ ಮೇಲೆ
ಆಳೆತ್ತರಕ್ಕೆದ್ದು ನಡುಗುತ್ತ ನಿಂತಿತ್ತು,
ಮೊದಲ ದಿನ ಸೀಟಿನಲ್ಲಿ ಕೂತ ಶಿಷ್ಯನ ಹಾಗೆ.

"ಮುಗೀತಕ್ಕ ನಿಮ್ಮ ಸ್ಕೂಲು" ಅಂದ,
"ಇನ್ನ ಟೋಲಿಲ್ಲ, ಹಂಪಿಲ್ಲ, ಲಾರಿ ಹಿಂದೆ ಹೊಗಿ ಕುಡಿಯೋದಿಲ್ಲ.
ದಾವಣಗೆರೆಯಾಗ ಎದ್ದರೆ ದುರ್ಗದಾಗ ಇಳಿಯೋದು, ಹತ್ತೇ ನಿಮಿಷ."

ಹತ್ತು ನಿಮಿಷ.
ಮೂವತ್ತೊಂದು ವರ್ಷ ಈ ಊರಿಗೆ
ಎಡಗಾಲು ನಿಧಾನ ಎತ್ತುವುದನ್ನು ಕಲಿಸಿದವಳು ನಾನು.
ದಲಾಲಿ ಅಂಗಡಿಯವರು, ನರ್ಸುಗಳು,
ಸೆರಗು ಸೊಂಟಕ್ಕೆ ಸಿಕ್ಕಿಸಿದ ಟೀಚರುಗಳು.
ಹೈಸ್ಕೂಲು ಮೈದಾನದ ಧೂಳಲ್ಲಿ
ಇಂಜಿನ್ನು ಕೆಮ್ಮಿ, ಮತ್ತೆ ಕೆಮ್ಮಿ, ಒಂದು ಗಳಿಗೆ
ಕಚ್ಚಿಕೊಳ್ಳುತ್ತದಲ್ಲ,
ಪಾದದಡಿ ಏನೋ ಮಲಗಿದ್ದು ಮಗ್ಗುಲಾದ ಹಾಗೆ,
ಆಗ ಅವರ ಮುಖ ನೋಡಬೇಕು.
ಫೀಸು ಕೊಡದವರಿಗೂ ಕಲಿಸಿದ್ದು ಆ ಮುಖಕ್ಕೇ.

"ಇದಕ್ಕೆ ಕ್ಲಚ್ಚೆಲ್ಲೈತೋ?"
"ಇಲ್ಲ."
"ಗೇರು?"
"ಇಲ್ಲಕ್ಕ. ಎಲ್ಲಾ ಅದೇ ನೋಡಿಕೊಂತೈತಿ."
"ಮತ್ತೆ ನಾನೇನು ಮಾಡ್ಲಿ ಒಳಗೆ ಕೂತು, ಮಂಡಕ್ಕಿ ತಿನ್ಲಾ?"

ದಸ್ತಗೀರ ನಗಲಿಲ್ಲ. ಅವನ ಚಿಂತೆ ಬೇರೆ:
ಬೋಲ್ಟು ಸಡಿಲಾದರೆ ಯಾರ ಮಾಳಿಗೆಯ ಮೇಲೆ ಬೀಳುತ್ತದೆ?
ಇಳಿಸುವುದೆಲ್ಲಿ, ಗಡಿಯಾರ ಕಂಬದ ಹತ್ತಿರವೇ?
ಮಿರ್ಚಿ ಗಾಡಿಗಳ ಹಿಟ್ಟೆಲ್ಲ ಆ ಗಾಳಿಗೆ ಎದ್ದರೆ,
ರಸ್ತೆಯಲ್ಲಿ ಒಣಹಾಕಿದ ಮೆಕ್ಕೆಜೋಳ ಎದ್ದರೆ, ದುಡ್ಡು ಕೊಡುವವರು ಯಾರು?
ದುರ್ಗದ ಗುಡ್ಡದ ಗಾಳಿಯಂತ್ರಗಳು
ರೆಕ್ಕೆ ಬೀಸುತ್ತ ಸಾಲಾಗಿ ನಿಂತಿವೆ,
ಯಾವ ಕಡೆ ಇಂಡಿಕೇಟರು ಹಾಕಿ ದಾಟುವುದು?
ಆಕಾಶದಲ್ಲಿ ಎಂಟು ಬರೆದರೆ
ಪಾಸು ಮಾಡುವವನು ಯಾರು, ಹದ್ದೇ?

ನನ್ನದು ಅಷ್ಟು ದೊಡ್ಡ ಚಿಂತೆಯಲ್ಲ, ಹೇಳಲಿಕ್ಕೂ ನಾಚಿಕೆ.
ಊರು ಮುಟ್ಟುವುದು ನನಗೆ ಎಂದೂ ಬೇಕಿರಲಿಲ್ಲ.
ಬೆಳಗಿನ ಐದಕ್ಕೆ ಫಿಯೆಟ್ಟು ತೆಗೆದು
ಆನಗೋಡು, ಭರಮಸಾಗರ,
ದುರ್ಗದ ಬಂಡೆ ಕಾಣುವವರೆಗೆ ಹೋಗಿ
ಒಂದು ಚಾ ಕುಡಿದು ತಿರುಗಿಸಿಕೊಂಡು ಬರುತ್ತಿದ್ದೆ.
"ಏನೈತಿ ಅಲ್ಲಿ?" ಕೇಳಿದ್ದರು ಯಜಮಾನರು.
"ಮೂರನೇ ಗೇರಿನ ತಿರುವೊಂದು ಐತ್ರಿ" ಅಂದಿದ್ದೆ.
ಅವರು ಪೇಪರು ಮಡಚಿಟ್ಟರು.

ಎರೆನೆಲದ ಮೇಲೆ ಹಾಸಿದ ಡಾಂಬರು
ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೀಳುತ್ತದೆ.
ಅದೆಲ್ಲ ಸ್ಟೇರಿಂಗು ಹತ್ತಿ ಅಂಗೈಗೆ ಬಂದು ವರದಿ ಒಪ್ಪಿಸುತ್ತಿತ್ತು.
ಗಾಳಿ ಏನು ಹೇಳೀತು?

ಆದರೂ ಸುಳ್ಳಾಡಬಾರದು,
ಒಮ್ಮೆ ನಾನೂ ಹಾರಿದ್ದೇನೆ.
ಇಪ್ಪತ್ತೆರಡು ವಯಸ್ಸು. ಹಳೇ ಸಿಂಗಲ್ ರಸ್ತೆ.
ವಿಜಾಪುರದ ಹತ್ತಿರ ಒಂದು ಮೋರಿ,
ಅದರ ಉಬ್ಬು ಗೊತ್ತಿತ್ತು,
ಗೊತ್ತಿದ್ದೇ ಕಾಲು ತೆಗೆಯಲಿಲ್ಲ.

ನಾಕೂ ಚಕ್ರ ನೆಲ ಬಿಟ್ಟವು.
ಸ್ಟೇರಿಂಗು ಹಗುರ, ಬಕೀಟು ಕಳಚಿಬಿದ್ದ ಬಾವಿ ಹಗ್ಗ.
ಬಲಕ್ಕೆ ತಿರುಗಿಸಿದೆ, ಏನೂ ಆಗಲಿಲ್ಲ.
ಎಡಕ್ಕೂ ಇಲ್ಲ.
ಅರ್ಧ ಸೆಕೆಂಡು ಇದ್ದೀತು, ಅಷ್ಟರಲ್ಲೇ
ಬೇಲಿಯಾಚೆಯ ಸೂರ್ಯಕಾಂತಿ ಹೊಲ ಪೂರ್ತಿ ಕಂಡಿತು,
ಆ ಕೊನೆಯ ಸಾಲಿನ ತನಕ. ಅದನ್ನೂ ಇಲ್ಲವೆನ್ನಲಾರೆ.

ಆಮೇಲೆ ಧಡ್ಡೆಂದು ನೆಲ.
ಎಡಗಡೆ ಸ್ಪ್ರಿಂಗು ಮುರಿಯಿತು, ಹಲ್ಲಿಗೆ ನಾಲಿಗೆ ಸಿಕ್ಕಿ ರಕ್ತ,
ಮತ್ತೆ ಕೈಗೆ ಬಂತು ನೋಡಿ ಆ ಭಾರ.
ಅಷ್ಟು ಬಿಗಿಯಾಗಿ ಯಾರ ಕೈಯನ್ನೂ ನಾನು ಹಿಡಿದಿಲ್ಲ,
ಧಾರೆಯ ಹೊತ್ತಿನಲ್ಲೂ.

ಸ್ಪ್ರಿಂಗು ಹಾಕಿಕೊಟ್ಟವರು ದಸ್ತಗೀರನ ಅಪ್ಪ.
ಏನಾಯಿತು ಎಂದು ಕೇಳಲಿಲ್ಲ,
ಅರ್ಧ ದುಡ್ಡು ವಾಪಸು ಕೊಟ್ಟರು.

"ಹಂಗಾದ್ರೆ ಬುಕ್ ಮಾಡಿಬಿಡಾಣೇನಕ್ಕ?"
"ಮಾಡು. ಮ್ಯಾಲೆ ಒಂದು ಮೋರಿ ಕಟ್ಟಿಸು.
ನಿಂತ್ರೆ ತಳ್ಳಾಕೆ ನಾಕು ಮಂದಿನೂ ಇರ್ಲಿ."

ದಸ್ತಗೀರ ಹನ್ನೆರಡರ ಪಾನ ಕೇಳಿದ. ಕೊಟ್ಟೆ.
ಜಾಕಿನ ಮೇಲೆ ಎತ್ತಿಟ್ಟ ಫಿಯೆಟ್ಟಿನ ಮುಂದಿನ ಚಕ್ರ
ನನ್ನ ಸೆರಗು ತಾಗಿದ್ದಕ್ಕೋ ಏನೋ
ಸುಮ್ಮನೆ ಗಾಳಿಯಲ್ಲಿ ತಿರುಗುತ್ತಿತ್ತು.