ಬೋಧನಾ ಶುಲ್ಕ ಮಾತ್ರ

ಕಾರವಾರ, ಜುಲೈ. ಝೆರಾಕ್ಸ್ ಅಂಗಡಿಯ ತಲೆಯ ಮೇಲೆ
ರೇವಣಕರರ ಟ್ಯಾಕ್ಸ್ ಆಫೀಸು.
ಅಪ್ಪ ಖಾಕಿಯಲ್ಲೇ ಬಂದಿದ್ದ,
ಮುಂದಿನ ಟ್ರಿಪ್ಪಿಗೆ ಇನ್ನೂ ನಲವತ್ತು ನಿಮಿಷವಿತ್ತು.
ಪ್ಲಾಸ್ಟಿಕ್ ಕೊಟ್ಟೆಯಿಂದ ನನ್ನ ರಸೀದಿಗಳನ್ನು ತೆಗೆದು
ಕಲೆಕ್ಷನ್ ನೋಟು ಎಣಿಸುವ ಹಾಗೆ
ಬೆರಳು ಒದ್ದೆ ಮಾಡಿ ಎಣಿಸಿದ.

ಫೆಬ್ರುವರಿ ಇಪ್ಪತ್ತೇಳು, ಆರನೇ ಸೆಮಿಸ್ಟರು,
ಒಟ್ಟು ಒಂಬತ್ತು ಸಾವಿರದ ಮುನ್ನೂರ ಹತ್ತು.
ರೇವಣಕರರ ಪೆನ್ಸಿಲು ಸಾಲು ಸಾಲು ಇಳಿಯಿತು:
ಪ್ರಯೋಗಾಲಯ, ಬರೂದಿಲ್ಲ.
ಗ್ರಂಥಾಲಯ, ಬರೂದಿಲ್ಲ.
ಅಭಿವೃದ್ಧಿ ನಿಧಿ, ಕ್ರೀಡೆ, ಗುರುತಿನ ಚೀಟಿ,
ಯಾವುದೂ ಬರೂದಿಲ್ಲ ಬೊಮ್ಮಯ್ಯ,
ಬೋಧನಾ ಶುಲ್ಕ ಮಾತ್ರ.
ಎರಡು ಸಾವಿರದ ಎಂಟುನೂರಕ್ಕೆ ಸುತ್ತು ಹಾಕಿದರು.
ನಾನು ಕಲಿತದ್ದರಲ್ಲಿ
ಕಲಿತದ್ದು ಎಂದು ಸರಕಾರ ಒಪ್ಪುವುದು ಅಷ್ಟು.

"ಅದು ಹೋದ ವರ್ಷದ್ದಾಯ್ತು. ಈ ವರ್ಷಕ್ಕೆ?"
"ಏಪ್ರಿಲ್ ಆದಮೇಲೆ ಕಟ್ಟಿದ್ದೆಂತ?"
"ಪರೀಕ್ಷೆ ಫೀ."
"ಬರೂದಿಲ್ಲ."
"ಹುಡುಗ ಏಪ್ರಿಲ್ ಮೇ ಪೂರಾ ಓದಿದಾನೆ.
ನಾ ಫಸ್ಟ್ ಬಸ್ಸಿಗೆ ಏಳೂವಾಗ ಅವನ ಲೈಟು ಇನ್ನೂ ಉರೀತಿತ್ತು."
"ಓದಿದ್ದಕ್ಕೆ ಕಾಲಂ ಇಲ್ಲ. ಕಟ್ಟಿದ್ದಕ್ಕೆ ಉಂಟು."
ಆಮೇಲೆ ನನ್ನ ಕಡೆ ತಿರುಗಿ,
"ಈಗ ನೀನು ಎಂತ?"

ಫಲಿತಾಂಶ ಇನ್ನೂ ಧಾರವಾಡದಲ್ಲಿದೆ.
ಹಾಲ್ ಟಿಕೆಟ್ಟಿನಲ್ಲಿ ನಾನು ವಿದ್ಯಾರ್ಥಿ,
ಬ್ಯಾಂಕಿನ ಫಾರ್ಮಿನಲ್ಲಿ 'ಇತರೆ'.
ಕಾಲೇಜಿನ ಹಾಜರಿಯಲ್ಲಿ ನನ್ನ ನಂಬರಿಗೆ
ಯಾರೋ ಹೊಸಬ 'ಎಸ್ ಸಾರ್' ಅಂದಿರಬೇಕು ಇಷ್ಟೊತ್ತಿಗೆ.
ಉತ್ತರ ಹುಡುಕುವಷ್ಟರಲ್ಲಿ ಪ್ರಿಂಟರು ಕಾಗದ ಕಚ್ಚಿಕೊಂಡಿತು,
ರೇವಣಕರರು ಎದ್ದು ಅದರ ಬಾಯಿ ಬಿಡಿಸಲು ಹೋದರು.

ವಾಪಸು ಅಪ್ಪನ ಬಸ್ಸನ್ನೇ ಹತ್ತಿದೆ.
ಬೈತಖೋಲ ದಾಟಿ ಸುರಂಗ ಹೊಕ್ಕಾಗ
ಅಪ್ಪ ನನ್ನ ಸೀಟಿನ ಹತ್ತಿರವಿದ್ದ.
"ಪಾಸ್," ಎಲ್ಲರಿಗೂ ಕೇಳುವ ಹಾಗೇ ಕೇಳಿದ.
ಮೀಸೆ ಬರದ ನನ್ನ ಫೋಟೋ, ಕೆಳಗೆ
ಜೂನ್ ಮೂವತ್ತು.
ಆ ಕತ್ತಲಲ್ಲಿ ತಾರೀಕು ಯಾರಿಗೂ ಕಾಣುವುದಿಲ್ಲ,
ನೋಡಿದಂತೆ ಮಾಡಿ ಮುಂದೆ ಹೋಗಬಹುದಿತ್ತು.
ಅಪ್ಪ ಕಂಬ ಹಿಡಿದು ನಿಂತ,
ಸುರಂಗ ಮುಗಿಯುವ ತನಕ ನಿಂತೇ ಇದ್ದ.
ಬಿಣಗಾದ ಬೆಳಕಿಗೆ ಪಾಸನ್ನು ಓರೆ ಮಾಡಿ ಓದಿ
ಮೆಷಿನ್ನಿನ ಗುಂಡಿ ಒತ್ತಿದ.

ನಾನು ಪ್ಯಾಂಟಿನ ಜೇಬು ತಡಕುತ್ತಿರುವಾಗಲೇ
ಅವನು ಅಂಗಿಯ ಜೇಬಿನಿಂದ ಸ್ವಂತದ ಐವತ್ತು ತೆಗೆದು
ಚರ್ಮದ ಚೀಲಕ್ಕೆ ಹಾಕಿದ.
ಚೀಲದಿಂದ ಇಪ್ಪತ್ತೆಂಟು ರೂಪಾಯಿ ಚಿಲ್ಲರೆ
ಎರಡು ಸಲ ಎಣಿಸಿ
ಅದೇ ಜೇಬಿಗೆ ಬಿಟ್ಟುಕೊಂಡ.
"ಅರ್ಗಾ ಯಾರ್ರೀ?" ಎನ್ನುತ್ತ ಹೋದ.

ಟಿಕೆಟು ಇನ್ನೂ ಬೆಚ್ಚಗಿತ್ತು.
ಊರು, ವೇಳೆ, ದರ, ಕೆಳಗೊಂದು ಮಸುಕು ಸಾಲು:
ವಯಸ್ಕ ೧.

ಹಿಂದಿನ ಸೀಟಿನಿಂದ ತಂಗಿ ನಾಗವೇಣಿ
ತನ್ನ ಸೊನ್ನೆ ರೂಪಾಯಿಯ ಟಿಕೆಟ್ಟನ್ನು
ನನ್ನ ಮೂಗಿನ ಮುಂದೆ ಆಡಿಸಿ ನಕ್ಕಳು.
ಅವಳದು ಈಗ ಮೊದಲ ಸೆಮಿಸ್ಟರು.
ತೊಡೆಯ ಮೇಲಿನ ಬ್ಯಾಗಿನಲ್ಲಿ
ಬೆಳಿಗ್ಗೆ ಕಟ್ಟಿದ ರಸೀದಿ, ಮಡಿಸದೆ.